ಇನ್ನೂರ ಹದಿನಾಲ್ಕನೇ ಕಟ್ಟು

ಇದನ್ನು ಕಟ್ಟುಕಥೆ ಅಂದುಕೊಂಡರೆ ನನಗೇ ಒಳ್ಳೆಯದು. ಆದರೆ ನಡೆದದ್ದು ನಿಜ, ನಡೆದದ್ದು ನನಗೇ. ಇಂಥ ಅನುಭವ ಹೇಳುವವರು ಸ್ವಲ್ಪ ಜಂಬದಿಂದಲೇ ಹೇಳುತ್ತಾರೆ. ನಾನು ನಾಚಿಕೆಯಿಂದ ಹೇಳುತ್ತಿದ್ದೇನೆ. ಯಾಕೆ ಅಂತ ಓದಿದರೆ ನಿಮಗೇ ಗೊತ್ತಾಗುತ್ತದೆ.

ಕಂಟೋನ್ಮೆಂಟ್ ಕಡೆಯ ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ನನ್ನ ಕೆಲಸ. ಹೆಸರು ಬೇಡ. ನೆಲಮಾಳಿಗೆಯ ರೆಕಾರ್ಡ್ ರೂಮು ನನ್ನ ಸುಪರ್ದಿನಲ್ಲಿದೆ. ಅಲ್ಲಿ ಪ್ರತಿ ಕಡತಕ್ಕೂ ಇಷ್ಟು ಅಂತ ಆಯಸ್ಸು ಬರೆದಿರುತ್ತದೆ. 'ಎ' ವರ್ಗದ್ದು ಶಾಶ್ವತ, ಮುಟ್ಟುವ ಹಾಗಿಲ್ಲ. ವಿದ್ಯಾರ್ಥಿಗಳ ಅಂಕಗಳ ಲೆಡ್ಜರು ಆ ಗುಂಪಿಗೆ ಸೇರಿದ್ದು. 'ಡಿ' ವರ್ಗ ಅಂದರೆ ಹಳೇ ಹಾಲ್ ಟಿಕೆಟ್ಟು, ರಜಾ ಚೀಟಿ ಇಂಥವು. ಐದು ವರ್ಷ ಇಟ್ಟು ಕಾಗದದ ಮಿಲ್ಲಿಗೆ ಕಳಿಸುತ್ತೇವೆ.

ಕಳಿಸುವ ಮುಂಚೆ ಒಂದು ಪದ್ಧತಿ ಇದೆ. ಒಬ್ಬರು ನಾಶಪಡಿಸುವ ಪಟ್ಟಿ ಹಿಡಿದು ಕಟ್ಟಿನ ನಂಬರ್ ಕೂಗಬೇಕು. ಇನ್ನೊಬ್ಬರು ರ‍್ಯಾಕಿನ ಹತ್ತಿರ ನಿಂತು ಆ ಕಟ್ಟಿನ ಗಂಟು ಬಿಚ್ಚಿ, ಒಳಗೆ ಬೇರೇನೂ ಸೇರಿಲ್ಲ ಅಂತ ನೋಡಿ, "ನೋಡಾಯ್ತು" ಅನ್ನಬೇಕು. ಆಮೇಲೆ ಟಿಕ್ ಹಾಕಬೇಕು. ನಾನು ಕೂಗುತ್ತಿದ್ದೆ, ಮರ್ಫಿ ಟೌನಿನ ಅಟೆಂಡರ್ ಸೆಲ್ವರಾಜಣ್ಣ ಬಿಚ್ಚಿ ನೋಡುತ್ತಿದ್ದರು.

ಎರಡು ವರ್ಷದ ಹಿಂದೆ ಯಾವುದೋ ಸಮಿತಿ ತಪಾಸಣೆಗೆ ಬರುತ್ತದೆ ಅಂತ ರೂಮು ಖಾಲಿ ಮಾಡುವ ಅವಸರ ಶುರುವಾಯಿತು. ಇನ್ನೂರನೇ ಕಟ್ಟಿನವರೆಗೂ ಇಬ್ಬರೂ ಸರಿಯಾಗಿ ಮಾಡಿದೆವು. ಮಾರನೇ ದಿನ ಸೆಲ್ವರಾಜಣ್ಣ ಮಗಳ ಮದುವೆಗೆ ರಜೆ ಹಾಕಿದರು. ಲಾರಿ ಬೆಳಿಗ್ಗೆಯೇ ಬಂದು ನಿಂತಿತ್ತು. ನನಗೆ ಧೂಳಿಗೆ ಸೀನು ಬೇರೆ. ಉಳಿದ ಕಟ್ಟುಗಳಿಗೆ ಒಂದನ್ನೂ ಬಿಚ್ಚದೆ ಸರಸರ ಟಿಕ್ ಹಾಕಿದೆ. ಕೊನೆಯಲ್ಲಿ 'ಪರಿಶೀಲಿಸಲಾಗಿದೆ' ಅಂತ ಬರೆದು ಸಹಿ ಮಾಡಿದೆ.

ಹೋದ ವರ್ಷ ಬೇಸಿಗೆಯಲ್ಲಿ ಶಾಹೀನ್ ಅಂತ ಒಬ್ಬರು ಕೌಂಟರಿಗೆ ಬಂದರು. ಶಿವಾಜಿನಗರದವರು, ಶಾಲೆಯೊಂದರಲ್ಲಿ ಟೀಚರ್. ಕೆಲಸ ಖಾಯಂ ಆಗಬೇಕಾದರೆ ಅವರ ಹಳೇ ಅಂಕಪಟ್ಟಿ ಅಸಲಿ ಅಂತ ನಾವು ಬರೆದು ಕೊಡಬೇಕಿತ್ತು.

"ಸರ್, ಈ ತಿಂಗಳ ಒಳಗೆ ಕೊಡ್ಲಿಲ್ಲ ಅಂದ್ರೆ ತೆಗೆದುಬಿಡ್ತಾರಂತೆ. ಸ್ವಲ್ಪ ನೋಡಿ ಸರ್."

ಲೆಡ್ಜರ್ ತರಲು ಕೆಳಗೆ ಹೋದೆ. ಅದು ಇರಬೇಕಾದ ಜಾಗದಲ್ಲಿ ಯಾರೋ ಹಳಬರು ಬರೆದಿಟ್ಟ ಚೀಟಿ ಸಿಕ್ಕಿತು. 'ಬೈಂಡಿಂಗ್ ಕಿತ್ತಿದೆ. 214ನೇ ಕಟ್ಟಿನ ಒಳಗೆ ಇಟ್ಟಿದೆ.'

ಇನ್ನೂರ ಹದಿನಾಲ್ಕು ನಾನು ಬಿಚ್ಚದೆ ಕಳಿಸಿದ ಕಟ್ಟು.

ಅವರಿಗೆ "ಹುಡುಕ್ತಾ ಇದೀವಮ್ಮ, ನಾಳೆ ಬನ್ನಿ" ಅಂದೆ. ಹೀಗೆ ನಾಲ್ಕು ಸಲ ಬರಿಸಿದೆ. ಕೊನೆಗೆ ಸೂಪರಿಂಟೆಂಡೆಂಟ್ ಮೇಡಂ ಹತ್ತಿರ ನಿಜ ಹೇಳಿದೆ.

"ನಾವೇ ನಾಶ ಮಾಡಿದ್ವಿ ಅಂತ ಬರೆದ್ರೆ ನೀವು ಸಸ್ಪೆಂಡ್ ಆಗ್ತೀರ ರೀ, ಜೊತೆಗೆ ನಾನೂ" ಅಂದರು. "ನಮ್ಮ ದಾಖಲೆಗಳಲ್ಲಿ ಇವರ ಹೆಸರು ಕಂಡುಬಂದಿಲ್ಲ ಅಂತ ಹಿಂಬರಹ ಕೊಟ್ಟುಬಿಡಿ."

ಹಾಗೆ ಬರೆದರೆ ಆಕೆ ತಂದದ್ದು ನಕಲಿ ಅಂಕಪಟ್ಟಿ ಅಂತಲೇ ಅರ್ಥ. ಅದು ಮೇಡಂಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವತ್ತು ಎಲ್ಲರೂ ಹೋದ ಮೇಲೆ ನಾಶಪಡಿಸಿದ ಪಟ್ಟಿ ಹಿಡಿದು ಒಬ್ಬನೇ ಕೆಳಗೆ ಇಳಿದೆ. ಕತ್ತಲಾಗಿತ್ತು. ಲಾರಿಗೆ ಹೋಗದೆ ಒಂದೆರಡು ಕಟ್ಟು ಉಳಿದಿರಬಹುದೇನೋ ಅನ್ನುವ ಆಸೆ. ಟೇಬಲ್ ಮೇಲಿನ ಟ್ಯೂಬ್‌ಲೈಟ್ ಒಂದೇ ಉರಿಯುತ್ತಿತ್ತು. ಅಭ್ಯಾಸಬಲದಿಂದ ನಂಬರನ್ನು ಬಾಯಿಬಿಟ್ಟೇ ಓದಿದೆ.

"ನೂರ ತೊಂಬತ್ತೆಂಟು..."

"ನೋಡಾಯ್ತು."

ರ‍್ಯಾಕುಗಳ ಹಿಂದಿನಿಂದ ಬಂತು. ಮೆಲುದನಿ.

"ಸೆಲ್ವರಾಜಣ್ಣ? ಇನ್ನೂ ಮನೆಗೆ ಹೋಗಿಲ್ವಾ?"

ಬಗ್ಗಿ ನೋಡಿದೆ, ಯಾರೂ ಕಾಣಲಿಲ್ಲ. ನನ್ನ ಭ್ರಮೆ ಇರಬೇಕು ಅಂದುಕೊಂಡೆ. ಪರೀಕ್ಷೆ ಮಾಡುವವನ ಹಾಗೆ ಮುಂದಿನದನ್ನು ಓದಿದೆ.

"ನೂರ ತೊಂಬತ್ತೊಂಬತ್ತು..."

ಬಟ್ಟೆಯ ಗಂಟು ಬಿಚ್ಚುವ ಸದ್ದು. ಕಾಗದ ಸರಿಸುವ ಸದ್ದು. "ನೋಡಾಯ್ತು."

ಎದ್ದು ಓಡಬೇಕಿತ್ತು. ಯಾಕೋ ಓಡಲಿಲ್ಲ. ಇನ್ನೂರು ಅಂದೆ. ಅದಕ್ಕೂ ಉತ್ತರ ಬಂತು. ಇನ್ನೂರ ಒಂದು ಅಂದೆ... ಏನೂ ಇಲ್ಲ. ಇನ್ನೂರ ಎರಡು... ಇಲ್ಲ. ಮುಂದಿನವು ಯಾವುದಕ್ಕೂ ಉತ್ತರ ಬರಲಿಲ್ಲ. ನಾನು ಬಿಚ್ಚದ ಕಟ್ಟುಗಳು ಯಾವುವು ಅಂತ ಆ ಕತ್ತಲಿಗೆ ಗೊತ್ತಿತ್ತು! ಆ ಒಣ ಬೇಸಿಗೆಯಲ್ಲಿ ರೂಮಿನ ತುಂಬ ಮಿಲ್ಲಿನ ತೊಟ್ಟಿಯಲ್ಲಿ ನೆನೆದ ಕಾಗದದಂಥ ವಾಸನೆ ಅಡರಿಕೊಂಡಿತು.

"ಇನ್ನೂರ ಹದಿನಾಲ್ಕು" ಅಂದೆ.

ಆಮೇಲೆ ದಪ್ಪ ರಟ್ಟಿನ ಪುಸ್ತಕ ತೆರೆದ ಸದ್ದು. ಹಾಳೆಗಳು ಒಂದೊಂದಾಗಿ ಮಗುಚಿದವು... ನಿಂತವು. ಆ ದನಿ ಓದಲು ಶುರು ಮಾಡಿತು. ನೋಂದಣಿ ಸಂಖ್ಯೆ, ಹೆಸರು, ಒಂದೊಂದು ವಿಷಯದ ಅಂಕ. ಕೋಪವಿಲ್ಲ, ಅಳುವಿಲ್ಲ. ಕಚೇರಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಬರೆಸುವ ಹಾಗೆ, ನಡುನಡುವೆ ಬರೆದುಕೊಳ್ಳಲು ಸಮಯ ಕೊಡುತ್ತಾ ಓದಿತು.

ನಾನು ಬರೆದುಕೊಂಡೆ. ಪಟ್ಟಿಯ ಹಿಂದೆಯೇ ಬರೆದೆ. ಮೂರನೇ ಹೆಸರು ಶಾಹೀನ್ ಅವರದು. ಹನ್ನೊಂದನೇ ಹೆಸರಿಗೆ ದನಿ ನಿಂತಿತು. ಆಮೇಲೆ ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು.

ಗೇಟಿನಲ್ಲಿ ವಾಚ್‌ಮನ್ "ಯಾಕ್ ಸಾರ್ ಹಿಂಗ್ ಓಡಿ ಬರ್ತಿದೀರ?" ಅಂದ.

"ಕೆಳಗಡೆ ಯಾರಿದಾರಪ್ಪ?"

"ನೀವೇ ಕೊನೆ ಸಾರ್. ಸೆಲ್ವರಾಜು ಐದೂವರೆಗೇ ಬಸ್ ಹತ್ತಿದ್ರು."

ಬೆಳಿಗ್ಗೆ ಶಾಹೀನ್ ಅವರ ಅಂಕಪಟ್ಟಿಯ ಪಕ್ಕ ನನ್ನ ಹಾಳೆ ಇಟ್ಟು ನೋಡಿದೆ. ಒಂದು ಅಂಕವೂ ಆಚೀಚೆ ಇರಲಿಲ್ಲ. ಮೊದಲೇ ಅವರ ಪ್ರತಿ ನೋಡಿದ್ದೆನಲ್ಲ, ತಲೆಯಲ್ಲಿ ಉಳಿದಿರಬೇಕು ಅಂತ ಸಮಾಧಾನ ಮಾಡಿಕೊಂಡೆ.

ಇಷ್ಟಾದ ಮೇಲಾದರೂ ನಾನು ನಿಜ ಬರೆದಿರುತ್ತೇನೆ ಅಂತ ನೀವು ಅಂದುಕೊಂಡಿರಬಹುದು. ಬರೆಯಲಿಲ್ಲ. ಸಿ.ವಿ. ರಾಮನ್ ನಗರದ ಮನೆಯ ಸಾಲ, ಮಕ್ಕಳ ಫೀಸು, ಎಲ್ಲಾ ಕಣ್ಣ ಮುಂದೆ ಬಂತು. ಮೇಡಂ ಹೇಳಿದ ವಾಕ್ಯವನ್ನೇ ಟೈಪ್ ಮಾಡಿ ಸೀಲು ಒತ್ತಿದೆ.

ಶಾಹೀನ್ ಅವರು ಕೌಂಟರಿನ ಮುಂದೆ ನಿಂತೇ ಎರಡು ಸಲ ಓದಿದರು. ಜಗಳ ಮಾಡುತ್ತಾರೆ ಅಂತ ಕಾದಿದ್ದೆ. ಮಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನಾನೇ ಎಕ್ಸಾಮ್ ಬರ್ದಿದೀನಿ ಸರ್, ಅಲ್ಲಾಹ್ ಕಸಮ್" ಅಂದರು. ಆಮೇಲೆ ಹಿಂಬರಹ ಮಡಿಚಿ ಬ್ಯಾಗಿಗೆ ಹಾಕಿಕೊಂಡರು. "ನನಗೋಸ್ಕರ ಅಷ್ಟು ದಿನ ಹುಡುಕಿದ್ರಿ. ಥ್ಯಾಂಕ್ಸ್ ಸರ್."

"ಪರವಾಗಿಲ್ಲ ಬಿಡಮ್ಮ" ಅಂದೆ. ಈ ಬಾಯಿಂದಲೇ ಅಂದೆ. ಕೆಲಸ ಹೋಯಿತಂತೆ ಅಂತ ಆಮೇಲೆ ತಿಳಿಯಿತು.

ಅವತ್ತಿನಿಂದ ಕೆಳಗೆ ಒಬ್ಬನೇ ಹೋಗಿಲ್ಲ. ಹಾಳೆ ಮಾತ್ರ ಡ್ರಾಯರಿನಲ್ಲಿದೆ. ಹರಿಯಲು ಕೈ ಬರುವುದಿಲ್ಲ, ಯಾರಿಗಾದರೂ ತೋರಿಸಲು ಧೈರ್ಯವೂ ಇಲ್ಲ.

ಹೋದ ತಿಂಗಳು ಕೆ.ಆರ್. ಪುರಂನಿಂದ ಒಬ್ಬರು ಹಳೇ ಅಂಕಪಟ್ಟಿ ಹಿಡಿದು ಬಂದರು. ಮುನಿರಾಜು ಅಂತ. ಅವರನ್ನಾಗಲಿ, ಅವರ ಅಂಕಪಟ್ಟಿಯನ್ನಾಗಲಿ ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆದರೆ ಆ ಹೆಸರನ್ನು ನಾನೇ ಬರೆದುಕೊಂಡ ನೆನಪು. ಡ್ರಾಯರ್ ಎಳೆದು, ಟೇಬಲ್ಲಿನ ಕೆಳಗೇ ಹಾಳೆ ಬಿಡಿಸಿ ನೋಡಿದೆ. ಏಳನೇ ಹೆಸರು. ಅಂಕಗಳೂ ಅವೇ.

"ನಾಳೆ ಬನ್ನಿ" ಅಂದೆ. ಬಂದರು. ಅವರಿಗೂ ಅದೇ ಹಿಂಬರಹ ಕೊಟ್ಟೆ.

ಹೋಗುವಾಗ ಅವರೂ ಥ್ಯಾಂಕ್ಸ್ ಸರ್ ಅಂದರು. ಹಾಳೆಯಲ್ಲಿ ಇನ್ನೂ ಒಂಬತ್ತು ಹೆಸರಿವೆ.