ಸ್ಕೀಗೆ ಹಚ್ಚಿದ ಕುಸುಬಿ ಎಣ್ಣೆ

ಅಫಜಲಪುರದ ಬದಿಯ ನಮ್ಮೂರಲ್ಲಿ ಬೇಸಿಗೆ ಬಂತೆಂದರೆ ಕುಡಿಯುವ ನೀರಿಗೇ ತತ್ವಾರ. ಅಂಥ ಊರಲ್ಲಿ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ನಾನು ನಳದ ಸಿಹಿನೀರು ಹಾಕಿ ಹಲಗೆ ತೊಳೆಯುತ್ತಾ ಕೂತಿರುತ್ತಿದ್ದೆ. ಕೊಡ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ನನ್ನನ್ನು ಸುಡುವ ಹಾಗೆ ನೋಡುತ್ತಿದ್ದರು. ನಾನು ಊರಿನ ಅಂಗನವಾಡಿ ಟೀಚರು, ಮಕ್ಕಳಿಗೆ ನೀರು ಚೆಲ್ಲಬೇಡಿ ಎಂದು ಹೇಳಿಕೊಡುವವಳು. ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

"ಏನ್ ಬೇ, ನಿನ್ನ ಗಂಡ ಗೋವಾದಿಂದ ಯಾರ ಮನಿ ಬಾಗಲಾ ಕಿತ್ಕೊಂಡು ಬಂದಾನ?" ಎಂದು ಪಕ್ಕದ ಮನೆಯ ಮುದುಕಿ ಕೇಳುತ್ತಿದ್ದಳು.

ಅವು ಬಾಗಿಲಲ್ಲ, ಸ್ಕೀ. ಬೋಟಿನ ಹಿಂದೆ ಹಗ್ಗ ಹಿಡಿದು ಸಮುದ್ರದ ಮೇಲೆ ನಿಂತೇ ಜಾರಿಕೊಂಡು ಹೋಗುವ ಮಂದಿ ಕಾಲಿಗೆ ಹಾಕಿಕೊಳ್ಳುವ ಉದ್ದನೆಯ ಹಲಗೆಗಳು. ಮೂತಿ ತುಸು ಮೇಲಕ್ಕೆ ಬಾಗಿರುತ್ತದೆ, ನಡುವೆ ಪಾದ ತೂರಿಸಲು ಗಟ್ಟಿ ರಬ್ಬರಿನ ಪಟ್ಟಿ ಇರುತ್ತದೆ. ನಮ್ಮವರು ಗೋವಾದ ಕಡಲ ದಂಡೆಯಲ್ಲಿ ಇಂಥ ಆಟ ಆಡಿಸುವ ಒಬ್ಬ ಮಾಲಕರ ಹತ್ತಿರ ಕೆಲಸಕ್ಕಿದ್ದರು. ಎದೆಮಟ್ಟ ನೀರಿನಲ್ಲಿ ನಿಂತು, ಬಂದವರ ಪಾದಕ್ಕೆ ಸ್ಕೀ ಹಾಕಿ, ಬೋಟು ಎಳೆಯುವವರೆಗೆ ಬೆನ್ನಿಗೆ ಕೈಕೊಟ್ಟು ಹಿಡಿದಿರುವುದು ಅವರ ಕೆಲಸ. ಈಜು ಕಲಿತದ್ದು ನಮ್ಮ ಭೀಮಾ ಹೊಳೆಯಲ್ಲಿ. ಅನ್ನ ಕೊಟ್ಟದ್ದು ಸಮುದ್ರ.

ಮಳೆಗಾಲದಲ್ಲಿ ಸಮುದ್ರದ ಆಟ ಬಂದ್. ಮಾಲಕರ ಶೆಡ್ಡು ಸೋರುತ್ತಿತ್ತು. ಒಂದು ವರ್ಷ ಸ್ಕೀಗಳನ್ನು ಅಲ್ಲೇ ಇಟ್ಟು ಬಂದರೆ ರಬ್ಬರಿಗೆ ಬೂಸು ಹಿಡಿದು, ಹಳೆಯ ಕಟ್ಟಿಗೆಯವು ಉಬ್ಬಿ ಕೂತಿದ್ದವು. ಆಗ ಇವರೇ ಬಾಯಿ ಹಾಕಿ, "ನಮ್ಮೂರಾಗ ಹಪ್ಪಳ ಹಾಕಿದ್ರ ಅರ್ಧ ದಿನದಾಗ ಒಣಗ್ತಾವ, ನಾ ಒಯ್ತೇನಿ" ಎಂದರಂತೆ. ಅವತ್ತಿನಿಂದ ಆ ಸ್ಕೀಗಳು ಮಳೆಗಾಲಕ್ಕೆ ನಮ್ಮ ಮನೆಗೆ ಬರತೊಡಗಿದವು. ಕೌದಿಯಲ್ಲಿ ಸುತ್ತಿ ಬಸ್ಸಿನ ಟಾಪಿಗೆ ಕಟ್ಟಿಸಿಕೊಂಡು ಬರುತ್ತಿದ್ದರು. ಕಂಡಕ್ಟರರಿಗೂ ಇವರಿಗೂ ಪ್ರತಿ ವರ್ಷ ಜಗಳ ತಪ್ಪುತ್ತಿರಲಿಲ್ಲ.

ಅವುಗಳ ಉಪಚಾರ ಬಾಣಂತಿಗೂ ಇರಲಿಕ್ಕಿಲ್ಲ. ಮೊದಲು ಉಪ್ಪು ಹೋಗುವವರೆಗೆ ಸಿಹಿನೀರಲ್ಲಿ ತೊಳೆಯಬೇಕು. ಬಿಸಿಲಿಗೆ ಇಟ್ಟರೆ ರಬ್ಬರು ಬಿರಿಯುತ್ತದೆ, ಅದಕ್ಕೆ ನೆರಳಲ್ಲೇ ಒಣಗಿಸಬೇಕು. ರಬ್ಬರನ್ನು ಬಿಗಿಯಾಗಿ ಹಿಡಿದಿರುವ ಸ್ಕ್ರೂಗಳನ್ನು ತುಸು ಸಡಿಲಿಸಬೇಕು. ಆಕಾರ ಕೆಡಬಾರದೆಂದು ಪಾದ ಹಾಕುವ ಜಾಗಕ್ಕೆ ಹಳೆಯ ಸೀರೆಯ ಚಿಂದಿ ತುರುಕಿ, ಒಳಗೆಲ್ಲ ಪೌಡರು ಉದುರಿಸಬೇಕು. ನನ್ನ ಮುಖಕ್ಕಿಲ್ಲದ ಪೌಡರು ಅವಕ್ಕೆ ಹೋಗುತ್ತಿತ್ತು. ಗೋಡೆಗೆ ಒರಗಿಸಿಟ್ಟರೆ ಬಾಗುತ್ತವೆಂದು ಜೋಳದ ಡಬ್ಬಿಗಳ ಮೇಲೆ ಅಡ್ಡಡ್ಡ ಮಲಗಿಸುತ್ತಿದ್ದೆವು. ಇಲಿ ಬಂದಾವೆಂದು ವಾರಕ್ಕೊಮ್ಮೆ ತೆಗೆದು ನೋಡುವುದು ಬೇರೆ. ನಾನು ಗೊಣಗಿದರೆ, "ಓಡಾಡೋ ಸಾಮಾನು ಹಾಳಾಗಂಗಿಲ್ಲ, ಸುಮ್ನ ಬಿದ್ದದ್ದು ಹಾಳಾಗ್ತದ" ಎನ್ನುತ್ತಿದ್ದರು. ಮಹಾನವಮಿ ಹಬ್ಬ ಸೀಸನ್ನಿಗಿಂತ ಮೊದಲೇ ಬಂದ ವರ್ಷ ನಮ್ಮತ್ತೆ ಕುಡಗೋಲು ಕುರ್ಪಿಯ ಸಾಲಿನಲ್ಲೇ ಅವನ್ನೂ ಇಟ್ಟು ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದಳು. ಆಮೇಲೆ ಇವರು ಅವನ್ನು ಕಟ್ಟಿಕೊಂಡು ಹೊರಡುತ್ತಿದ್ದರು.

ಒಂದು ವರ್ಷ ಸ್ಕೀಗಳ ಜೊತೆ ಇವರೂ ಸಾಮಾನಿನ ಹಾಗೇ ಬಂದರು. ಸೀಸನ್ ಮುಗಿಸಿ ಬೋಟನ್ನು ದಂಡೆಗೆ ಎಳೆಯುವಾಗ ಹಗ್ಗ ಕಿತ್ತು ಬೋಟು ಹಿಂದಕ್ಕೆ ಜಾರಿ ಇವರ ಸೊಂಟದ ಮೇಲೆ ಬಂದಿತ್ತು. ಅಲ್ಲಿಯ ದವಾಖಾನೆಯಲ್ಲಿ ಆಪರೇಷನ್ ಮುಗಿದ ಮೇಲೆ ಜೇವರ್ಗಿ ಕಡೆಯ ಗೆಳೆಯನೊಬ್ಬ, ಅಲ್ಲೇ ಕೂಡಿ ಕೆಲಸ ಮಾಡುವವನು, ಗಾಡಿ ಮಾಡಿಕೊಂಡು ಕರೆತಂದ. ಇವರನ್ನು ಮಂಚಕ್ಕೆ ಮಲಗಿಸಿ, ಆಮೇಲೆ ಕೌದಿಯ ಗಂಟನ್ನೂ ಇಳಿಸಿದ.

"ಇವನ್ನ ಯಾಕ ತಂದ್ರಿ?" ಎಂದೆ.

"ಮಾಲಕರು ಹೇಳ್ಯಾರ್ರಿ ವೈನಿ, ಅವನ ಮನ್ಯಾಗೇ ಇರ್ಲಿ, ಆರಾಮಾಗಿ ಸೀಸನ್ನಿಗೆ ತಾನೇ ತಗೊಂಡು ಬರ್ಲಿ ಅಂತ" ಎಂದ.

ಆ ಮಾತು ಇವರ ಮುಖಕ್ಕೆ ಜೀವ ತಂದಿತು. ಸ್ಕೀ ನಮ್ಮ ಮನೆಯಲ್ಲಿದೆ ಎಂದರೆ ಕೆಲಸವೂ ಇದೆ ಎಂದೇ ಅರ್ಥ. ಸೊಲ್ಲಾಪುರದ ಡಾಕ್ಟರರು ಮಾತ್ರ ಏನೂ ಬಿಡಿಸಿ ಹೇಳಲಿಲ್ಲ. ನರ ಜಜ್ಜಿದೆ, ಮಳೆಗಾಲ ಕಳೆಯಲಿ, ನೋಡೋಣ ಎಂದರು. ಇವರು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಮಳೆಗಾಲ ಕಳೆದರೆ ಸೀಸನ್, ಸೀಸನ್ ಎಂದರೆ ತಾನು ಎದ್ದು ನಿಲ್ಲುವುದು.

ಹಾಗಾಗಿ ಆ ವರ್ಷ ಉಪಚಾರ ಇಮ್ಮಡಿಯಾಯಿತು. ಮಂಚದ ಮೇಲಿಂದ ಇವರು ಹೇಳುವುದು, ನಾನು ಮಾಡುವುದು. ಇವರ ಬೆನ್ನು ಒರೆಸಿ, ಹೊರಳಿಸಿ, ಬಟ್ಟೆ ಬದಲಿಸಿದ ಕೈಯಿಂದಲೇ ಸ್ಕೀಗೂ ಪೌಡರು ಹಾಕುತ್ತಿದ್ದೆ. ಎರಡೂ ಕಡೆ ಹುಣ್ಣು ಬೀಳಬಾರದು, ಒದ್ದೆ ಉಳಿಯಬಾರದು. ಒಂದೊಂದು ದಿನ ಈ ಹಲಗೆಗಳನ್ನು ಒಲೆಗೆ ಇಟ್ಟುಬಿಡೋಣ ಅನಿಸುತ್ತಿತ್ತು. ಆದರೆ ಪೌಡರಿನ ಡಬ್ಬಿ ತೆಗೆದರೆ ಮಾತ್ರ ಇವರು ಮಾತಾಡುತ್ತಿದ್ದರು, ಉಳಿದ ಹೊತ್ತು ಗೋಡೆ ನೋಡುತ್ತಿದ್ದರು. ಅದಕ್ಕೇ ಇಟ್ಟುಕೊಂಡೆ.

ಅತ್ತೆ ತನ್ನ ದಾರಿ ಹಿಡಿದಿದ್ದಳು. ಜಿಡಗಾ ಮಠಕ್ಕೆ ಹೋಗಿ ವಿಭೂತಿ ತಂದಳು. ಆಳಂದದ ಕಡೆಯಿಂದ ನರ ತಿಕ್ಕುವವರನ್ನು ಕರೆಸಿದಳು. ಮಗ ಸ್ಕೀಯನ್ನು ಹೇಗೆ ನೋಡುತ್ತಾನೆಂಬುದನ್ನೂ ಅವಳು ನೋಡುತ್ತಿದ್ದಳು. ಅವಳು ಸರಸಂಬಾದ ಒಕ್ಕಲುತನದ ಮನೆಯ ಮಗಳು. ಅವಳ ತವರಿನಲ್ಲಿ ಬಿತ್ತನೆ ಮುಗಿದ ಮೇಲೆ ಎತ್ತಿನ ತೊಗಲಿನ ಪಟ್ಟಿ, ಬಾರುಕೋಲು, ಮೆಟ್ಟು ಎಲ್ಲಕ್ಕೂ ಎಣ್ಣೆ ಕುಡಿಸಿ ತೂಗುಹಾಕುವುದು ರೂಢಿ. ಎಣ್ಣೆ ಕುಡಿಯದ ಪಟ್ಟಿ ಬಿರಿಯುತ್ತದೆ ಎಂಬುದು ಅವಳಿಗೆ ಹಾಲಿನ ಜೊತೆ ಬಂದ ತಿಳಿವಳಿಕೆ.

ಒಂದು ಮಧ್ಯಾಹ್ನ ನಾನು ಅಂಗನವಾಡಿಯಲ್ಲಿದ್ದೆ. ಇವರು ಗುಳಿಗೆ ನುಂಗಿ ಮಲಗಿದ್ದರು. ಅತ್ತೆ ಕುಸುಬಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಚಿಂದಿ ತೆಗೆದು, ಒಂದೊಂದು ರಬ್ಬರಿಗೂ ಒಳಗೂ ಹೊರಗೂ ತಿಕ್ಕಿ ತಿಕ್ಕಿ ಕುಡಿಸಿದಳು. ಮಗನ ಅನ್ನದ ಸಾಮಾನು ಗಟ್ಟಿ ಇರಲೆಂದೇ ಮಾಡಿದ್ದು. ರಬ್ಬರಿಗೆ ಎಣ್ಣೆ ಎಂದರೆ ವಿಷ ಎಂದು ಆ ಜೀವಕ್ಕೆ ಯಾರು ಹೇಳಿದ್ದರು? ಬಂದು ನೋಡಿದರೆ ಮನೆಯೆಲ್ಲ ಕುಸುಬಿಯ ವಾಸನೆ. ನಾನು ಸೋಪಿನ ನೀರಲ್ಲಿ ತೊಳೆದು, ಒರೆಸಿ, ಬಾಯಿಗೆ ಬೀಗ ಹಾಕಿಕೊಂಡೆ. ಆದರೆ ಎಣ್ಣೆ ಆಗಲೇ ಇಳಿದಿತ್ತು. ಬರಬರುತ್ತ ರಬ್ಬರು ಊದಿ, ಕೈಗೆ ಅಂಟುವ ಹಾಗಾಯಿತು.

ಮುಂದಿನ ಸಲ ನಾನು ಒಂದನ್ನು ತೆಗೆದು ಮಂಚದ ಹತ್ತಿರ ತಂದಾಗ ಇವರಿಗೆ ಕಂಡಿತು. ಒಂದು ಪಟ್ಟಿಯನ್ನು ಹಿಚುಕಿ ನೋಡಿದರು, ಅದು ಬೆರಳಿಗೆ ಎದ್ದು ಬಂತು.

"ಯಾರ್ ಮಾಡಿದ್ದು ಇದು?"

"ನಾ ಹಚ್ಚೀನಪ್ಪಾ, ಬಿರೀಬಾರದಂತ" ಎಂದಳು ಅತ್ತೆ.

ಮೊದಲಿನಿಂದ ನುಂಗಿಕೊಂಡು ಬಂದ ಸಿಟ್ಟೆಲ್ಲ ಆಗ ಹೊರಬಂತು. "ಹಾಳು ಮಾಡಿದಿ ಯವ್ವಾ, ಎಲ್ಲಾ ಹಾಳು ಮಾಡಿದಿ!" ಎಂದು ಚೀರಿದರು. ಮೂಲೆಯಲ್ಲಿದ್ದ ಉಳಿದ ಸ್ಕೀಗಳನ್ನು ನೋಡಬೇಕೆಂದು, ಸಿಟ್ಟಿನ ಭರದಲ್ಲಿ ಎಲ್ಲ ಮರೆತು, ಮಂಚದಿಂದ ಎದ್ದೇಬಿಟ್ಟರು. ಮೈ ಎದ್ದಿತು, ಕಾಲು ಏಳಲಿಲ್ಲ. ಮೂಟೆ ಉರುಳಿದ ಹಾಗೆ ನೆಲಕ್ಕೆ ಬಿದ್ದರು. ಕಾಲುಗಳು ಮಂಚದ ಅಂಚಿನಲ್ಲಿ ಸಿಕ್ಕು ತಿರುಚಿಕೊಂಡಿದ್ದವು. ಇವರಿಗೆ ಅದು ನೋಯಲೇ ಇಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಕಾಲು ಅಲ್ಲಿದೆ ಎಂಬುದೇ ಇವರಿಗೆ ತಿಳಿದಿರಲಿಲ್ಲ.

ನಾನು ಕಲ್ಲಾಗಿ ನಿಂತೆ. ಓಡಿ ಹೋಗಿ ಕಾಲು ಬಿಡಿಸಿ, ಸೊಂಟಕ್ಕೆ ಕೈಕೊಟ್ಟು ಎತ್ತಿದವಳು ಅತ್ತೆ. ಹೊರಗೆ ಮಳೆ ಸುರಿಯುತ್ತಿತ್ತು.

ಕೆಲವು ದಿನಗಳ ಮೇಲೆ ಇವರೇ ಮಾಲಕರಿಗೆ ಫೋನು ಹಚ್ಚಿದರು. ತನಗೆ ಇನ್ನು ಬರಲಾಗದು, ಸ್ಕೀ ಒಯ್ಯಲು ಯಾರನ್ನಾದರೂ ಕಳಿಸಿ, ಸೀಸನ್ ನಿಲ್ಲುವುದು ಬೇಡ ಎಂದು ಹಿಂದಿಯಲ್ಲಿ ಹೇಳುವುದು ನನ್ನ ಕಿವಿಗೆ ಬಿತ್ತು. ಫೋನು ಇಟ್ಟವರೇ ಅತ್ತೆಯನ್ನು ಕರೆದು, "ರಬ್ಬರ್ ಕೆಟ್ಟದ್ದಕ್ಕ ಮಾಲಕ ಸಿಟ್ಟಾಗ್ಯಾನವ್ವಾ. ಈ ಸೀಸನ್ನಿಗೆ ಬ್ಯಾರೆಯವ್ರನ್ನ ತಗೊಂಡಾನಂತ" ಎಂದರು. ಅತ್ತೆ ಸೆರಗು ಬಾಯಿಗೆ ಹಿಡಿದು ಹೊರಗೆ ಹೋದಳು.

ನನಗೆ ಮೈಯೆಲ್ಲ ಉರಿಯಿತು. "ಮುದುಕಿ ತಲಿ ಮ್ಯಾಲ ಯಾಕ ಹಾಕ್ತೀರಿ? ನಾ ಖರೇ ಹೇಳ್ತೇನಿ" ಎಂದೆ.

"ಹೇಳಬ್ಯಾಡ. ಕಾಲು ಹೋದ್ವು ಅಂತ ತಿಳಿದ್ರ ಅಕಿ ಉಳಿಯಂಗಿಲ್ಲ. ಎಣ್ಣಿ ತಪ್ಪು ಅಂತ ಇದ್ರ, ಮಗ ಇಂದಲ್ಲ ನಾಳೆ ಏಳ್ತಾನ ಅಂತಾದ್ರೂ ಇರ್ತಾಳ" ಎಂದು ಗೋಡೆಯ ಕಡೆ ಮುಖ ಮಾಡಿದರು.

ಜೇವರ್ಗಿಯ ಗೆಳೆಯ ಬಂದು ಸ್ಕೀಗಳನ್ನು ಕೌದಿಯಲ್ಲಿ ಕಟ್ಟಿದ. ಇವರು ಮಲಗಿದಲ್ಲಿಂದಲೇ ಗಂಟು ಬಿಗಿ ಮಾಡು, ಮೂತಿ ಕೆಳಗೆ ಮಾಡಬೇಡ ಎಂದೆಲ್ಲ ಹೇಳುತ್ತಿದ್ದರು. ಬಸ್ಸಿನ ಹತ್ತಿರ ಅವನು ನನಗಷ್ಟೇ ಕೇಳುವ ಹಾಗೆ, "ರಬ್ಬರಿಂದೇನ್ ಫಿಕರ್ ಮಾಡಬ್ಯಾಡ್ರಿ ವೈನಿ, ಕೆಟ್ರ ಬ್ಯಾರೆ ಹಾಕ್ತಾರ, ಹಲಗಿ ಚಂದ ಅದಾವ" ಎಂದ. ನೀರಿಗಿಳಿಯುವ ಕೆಲಸ ಈಗ ಯಾರದು ಎಂದು ಕೇಳಿದೆ. ತಲೆ ಬಗ್ಗಿಸಿ, "ನನಗ ಹೇಳ್ಯಾರ್ರಿ" ಎಂದ.

ಆಮೇಲೆ ಅತ್ತೆ ಎಣ್ಣೆ ಮುಟ್ಟುವುದನ್ನೇ ಬಿಟ್ಟಳು. ತಲೆಗಿಲ್ಲ, ಶೇಂಗಾ ಹಿಂಡಿಗಿಲ್ಲ. ಒಣ ರೊಟ್ಟಿಯನ್ನೇ ಅಗಿಯುತ್ತಿದ್ದಳು. ಎಷ್ಟು ದಿನ ಅಂತ ನೋಡಲಿ? ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಒಳಗಿನ ಕೋಣೆಗೆ ಕೇಳದ ಹಾಗೆ ಹೇಳಿಯೇಬಿಟ್ಟೆ.

"ಅತ್ತಿ, ನಿಮ್ಮ ಎಣ್ಣಿಯಿಂದ ಏನೂ ಆಗಿಲ್ಲ. ರಬ್ಬರ್ ಬದಲಿ ಮಾಡ್ತಾರಂತ."

ಅವಳ ಕೈ ನಿಲ್ಲಲಿಲ್ಲ. "ಗೊತ್ತದ ಬೇ" ಎಂದಳು. "ಅವತ್ತು ಅಂವನ್ನ ಎತ್ತಿದಾಕಿ ನಾನ. ಸೊಂಟದ ಕೆಳಗ ಜೀವ ಇಲ್ಲ ಅಂತ ಹಡದ ಕೈಗೆ ತಿಳಿಯಂಗಿಲ್ಲೇನು?"

"ಮತ್ತ ಯಾಕ ಸುಮ್ಮನದೀರಿ?"

"ಅವ್ವ ಇನ್ನಾ ಆಸೆ ಇಟ್ಕೊಂಡಾಳ ಅಂತ ಅಂವ ತಿಳ್ಕೊಂಡಾನ. ಅಷ್ಟಾದ್ರೂ ಇರ್ಲಿ ಅವನಿಗೆ."

ಹಾಗೆಂದವಳೇ ಕೋಣೆಯ ಕಡೆ ಮುಖ ಮಾಡಿ, ಕೇಳಲೆಂದೇ ದನಿ ಏರಿಸಿದಳು. "ಆ ಸುಡುಗಾಡು ಎಣ್ಣಿ ನಾ ಹಚ್ಚಬಾರದಿತ್ತು ನೋಡು!"

"ಹೋಗ್ಲಿ ಬಿಡವ್ವಾ" ಎಂದು ಒಳಗಿನಿಂದ ಇವರ ದನಿ ಬಂತು. "ಮುಂದಿನ ಸೀಸನ್ನಿಗೆ ನೋಡೋಣು."

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ನಾನು ಅದನ್ನು ತಿರುವಿ ಹಾಕಿದೆ.