ಮೂಸಬಾರದ ಹೂವು

ಕಾಂಪೌಂಡಿನ ಅಂಚಿನ ಪಾತಿಯಲ್ಲಿ ನಾನು ಸ್ವೀಟ್ ಪೀ ಎಂಬ ಘಮಘಮ ಹೂವಿನ ಬಳ್ಳಿ ಹಬ್ಬಿಸಿದಾಗ ನಮ್ಮತ್ತೆ, "ಕೊತ್ತಂಬರಿಯಾದರೂ ಹಾಕಬಾರದಿತ್ತೇ?" ಎಂದಿದ್ದರು. ಹೂವು ಮಾರಾಟವಾಗದಿದ್ದರೆ ಬಳ್ಳಿ ಕಿತ್ತು ಕೊತ್ತಂಬರಿಯನ್ನೇ ಹಾಕುತ್ತೇನೆಂದು ನಾನೂ ಜಂಬದಲ್ಲಿ ಒಪ್ಪಿಬಿಟ್ಟೆ. ಹಾಗಾಗಿ ಮೊದಲ ಬಕೆಟ್ ಹೂವು ಹಿಡಿದು ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ಹೂವು ಮಾರುವವರನ್ನು ಹುಡುಕಿಕೊಂಡು ಹೋದೆ.

ಘಾಟಿ ದೇವಸ್ಥಾನಕ್ಕೆ ಹೋಗುವವರಿಗೆ ಹೂವು ಮಾರುತ್ತಿದ್ದ ಹೆಂಗಸು ಬಕೆಟ್ಟಿನೊಳಗೆ ಇಣುಕಿ ನಕ್ಕಳು. "ಇದೇನಕ್ಕಾ, ಅವರೆ ಹೂವ ಕಿತ್ಕೊಂಡು ಬಂದಿದ್ದೀರಾ? ಬಿಟ್ಟಿದ್ರೆ ಕಾಯಾದ್ರೂ ಆಗ್ತಿತ್ತಲ್ಲ!"

"ಅವರೆ ಅಲ್ಲಮ್ಮ. ಮೂಸಿ ನೋಡು."

"ಅಯ್ಯೋ, ಮೂಸಿದ ಹೂವ ದೇವರಿಗೆ ಕೊಡೋಕಾಯ್ತದಾ?"

ಘಮವೇ ನನ್ನ ಹೂವಿನ ಹೆಚ್ಚುಗಾರಿಕೆ, ಅದನ್ನೇ ಮೂಸುವ ಹಾಗಿಲ್ಲ! "ಒಂದೇ ಒಂದು ಮೂಸು. ಅದನ್ನ ನಾನೇ ಮುಡ್ಕೋತೀನಿ," ಎಂದೆ.

ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. ಆಮೇಲೆ ಅದನ್ನು ನನಗೆ ಕೊಡದೆ ತನ್ನ ತುರುಬಿಗೇ ಸಿಕ್ಕಿಸಿಕೊಂಡು, ಪಕ್ಕದ ಕಡ್ಲೆಕಾಯಿಯವಳನ್ನು ಕೂಗಿದಳು: "ಲೇ, ಬಾರೇ ಇಲ್ಲಿ, ಇದನ್ನ ಮೂಸು!" ಅವಳ ಹಿಂದೆಯೇ ಬಸ್ಸಿಗೆ ಕಾದಿದ್ದ ಹೆಂಗಸರೂ ಬಂದರು. ಮೂಸಿದವರು ಯಾರೂ ಹೂವನ್ನು ವಾಪಸ್ ಇಡಲಿಲ್ಲ. ದುಡ್ಡು ಕೊಟ್ಟು, ಮುಡಿದುಕೊಂಡೇ ಬಸ್ ಹತ್ತಿದರು.

"ನಾಳೆ ಎರಡು ಬಕೆಟ್ ತನ್ನಿ ಅಕ್ಕಾ," ಎಂದಳು ಹೂವಿನವಳು. "ಒಂದನ್ನ ಯಾರಿಗೂ ಮೂಸೋಕೆ ಬಿಡಲ್ಲ."

ಮನೆಗೆ ಬಂದವಳೇ ಖಾಲಿ ಬಕೆಟ್ಟನ್ನು ಅತ್ತೆಯ ಕಣ್ಣಿಗೆ ಬೀಳುವ ಹಾಗೆ ಹೊಸಿಲಿನ ಪಕ್ಕದಲ್ಲೇ ಇಟ್ಟೆ. ಅದರೊಳಗೆ ಇಣುಕಿ ನೋಡಿ ಅವರು, "ದೇವರಿಗೊಂದು ಉಳಿಸಬಾರದಿತ್ತೇ?" ಎಂದರು. ಕೊತ್ತಂಬರಿಯ ಹೆಸರು ಮಾತ್ರ ಎತ್ತಲಿಲ್ಲ.