ನನ್ನ ಪಾಲಿಗೆ ಬಂದ ಹುಳು

ಈ ಬೆಳಿಗ್ಗೆ ದೇವರಿಗೆ ದೀಪ ಹಚ್ಚೋಣವೆಂದು ಗೂಡಿನೊಳಗೆ ಕೈಯಾಡಿಸಿದರೆ ಸಿಕ್ಕಿದ್ದು ಕಡ್ಡಿಯೇ ಇಲ್ಲದ ಕಡ್ಡಿಪೆಟ್ಟಿಗೆ. ಅಲುಗಾಡಿಸಿದೆ, ಒಳಗೆ ಕಾಗದದ ಸದ್ದು. ಏನೆಂದು ನನಗೆ ಗೊತ್ತಿತ್ತು. ಮೂರು ವರ್ಷದಿಂದ ಅಲ್ಲೇ ಬಿದ್ದಿರುವ ಒಂದು ಚೀಟಿ. ಮೇಲೆ ಮಗುವಿನ ಅಕ್ಷರದಲ್ಲಿ, ‘ಕಡ್ಡಿಹುಳ. ದಾನಿ: ಪತ್ರ ಬರೆಯೋ ತಾತ.’ ನನ್ನ ಮೈ ನೀವು ನೋಡಿಲ್ಲ. ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ಫ್ಯಾನು ಹಾಕುವ ಮೊದಲು ಫೈಲುಗಳ ಜೊತೆ ನನ್ನ ಮೇಲೂ ಒಂದು ಪೇಪರ್‌ವೇಟ್ ಇಡಬೇಕೆಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಮಕ್ಕಳೂ ಅದನ್ನೇ ಆಡಿದ್ದಾರೆಂದು ನಕ್ಕು, ಚೀಟಿಯನ್ನು ಮತ್ತೆ ಪೆಟ್ಟಿಗೆಗೆ ತುರುಕಿದ್ದೆ. ಇವತ್ತು ಯಾಕೋ ಅದನ್ನು ತಿರುಗಿಸಿ ನೋಡಿದೆ. ಹಿಂದೆ ಎರಡು ಸಾಲು ಇದ್ದವು. ಅವೇನೆಂದು ಆಮೇಲೆ ಹೇಳುತ್ತೇನೆ, ಈಗಲೇ ಹೇಳಿದರೆ ನನ್ನ ಮರ್ಯಾದೆ ಬೇಗ ಹೋಗುತ್ತದೆ.

ಮೊದಲು ಗಿರಿಜಕ್ಕ. ಮಲಪನಗುಡಿಯವರು, ವಿಜ್ಞಾನದ ಟೀಚರಾಗಿ ನಿವೃತ್ತರಾದವರು. ನಿವೃತ್ತರಾದವರು ಕಾಶಿಗೆ ಹೋಗುತ್ತಾರೆ, ಇಲ್ಲವೇ ಸೊಸೆಯ ಮೇಲೆ ಹೋಗುತ್ತಾರೆ. ಗಿರಿಜಕ್ಕ ಹುಳದ ಹಿಂದೆ ಹೋದರು. ಟಿ.ಬಿ. ಡ್ಯಾಮಿನ ಕಾಲೊನಿಯಲ್ಲಿ ಖಾಲಿ ಬಿದ್ದ ಕ್ವಾರ್ಟರ್ಸೊಂದರ ಪಡಸಾಲೆಯಲ್ಲಿ ಭಾನುವಾರ ಭಾನುವಾರ ಮಕ್ಕಳನ್ನು ಕೂಡಿಸಿ ಇರುವೆ, ಜೇನು, ಜೀರುಂಡೆಗಳ ಪಾಠ. ಅದಕ್ಕೊಂದು ಸಂಸ್ಥೆ, ರಿಜಿಸ್ಟ್ರೇಷನ್ನು, ರಬ್ಬರ್ ಸ್ಟಾಂಪು ಎಲ್ಲ ಇದ್ದವು. ಊರಿನವರು ಮಾತ್ರ ‘ಹುಳದ ಮನಿ’ ಎಂದೇ ಕರೆದರು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಅವರು ನನ್ನನ್ನು ಕಾರ್ಯದರ್ಶಿ ಮಾಡಿದರು, ಮಕ್ಕಳು ‘ಪತ್ರ ಬರೆಯೋ ತಾತ’ ಮಾಡಿದರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ ಎನ್ನುತ್ತಾರಲ್ಲ, ನನ್ನ ಕಥೆಯಲ್ಲಿ ಆ ಇರುವೆ ನಿಜವಾಗಿಯೂ ಇತ್ತು, ಗಾಜಿನ ಡಬ್ಬಿಯಲ್ಲಿ.

ದೂರದ ಸಂಡೂರು ಕಡೆಯ ಬಂಡ್ರಿಯಿಂದಲೂ ಎಂಟು ಹತ್ತು ಮಕ್ಕಳು ಬರುತ್ತಿದ್ದರು. ಹೆಚ್ಚಿನವರ ಅಪ್ಪ ಅಮ್ಮ ಗಣಿಯಲ್ಲೋ ಹೊಲದಲ್ಲೋ ಕೂಲಿ. ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಒಂದು ದಿನ ಅವರಲ್ಲಿ ಹುಲಿಗೆಮ್ಮ ಎಂಬ ಹನ್ನೆರಡರ ಹುಡುಗಿ, ‘ಟೀಚರ್, ಹುಳ ನಮ್ಮೂರಾಗೂ ಅದಾವ. ಪಾಠ ಯಾಕ ಇಲ್ಲೇ ಐತಿ?’ ಎಂದು ಕೇಳಿಬಿಟ್ಟಳು. ಗಿರಿಜಕ್ಕ ಹಿಂದೆಮುಂದೆ ನೋಡದೆ, ‘ಮೊದಲ ಮಳಿ ಬೀಳೋದ್ರಾಗ ಬಂಡ್ರ್ಯಾಗ ನಿಮ್ಮದ ಒಂದು ಹುಳದ ಮನಿ ಆಗತೈತಿ’ ಎಂದು ಮಾತು ಕೊಟ್ಟರು. ಕೊಟ್ಟ ಮಾತಿಗೆ ತಪ್ಪಿದರೆ ಆ ಮಕ್ಕಳು ಮತ್ತೆ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಒಂದೇ, ಮಳೆಗೆ ಮೂರು ತಿಂಗಳಿದೆ, ಸಂಸ್ಥೆಯ ಹಣದ ಪೆಟ್ಟಿಗೆಯಲ್ಲಿ ಏನೂ ಇಲ್ಲ.

ಚಂದಾ ಎತ್ತಲು ಹೊರಟೆವು. ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕರು ಚಹ ಕುಡಿಸಿ, ಎಲ್ಲ ಕೇಳಿಸಿಕೊಂಡು, ‘ಹುಳ ಸಾಯ್ಸಾಕ ನಾವು ರೊಕ್ಕ ಕೊಡ್ತೀವಿ. ನೀವು ಹುಳ ಸಾಕಾಕ ರೊಕ್ಕ ಕೇಳ್ತೀರಿ. ಭಾಳ ಚಲೋ ಆತು ಬಿಡ್ರಿ’ ಎಂದು ಕೈಮುಗಿದರು. ಹಂಪಿಯಲ್ಲಿ ರೂಮು ಬಾಡಿಗೆ ಕೊಡುವವರೊಬ್ಬರು ಬಾಗಿಲಲ್ಲೇ ತಡೆದರು. ‘ಮೆಲ್ಲಕ ಮಾತಾಡ್ರಿ. ಹುಳ ಅನ್ನೋದು ಕೇಳಿದ್ರ ಫಾರಿನ್ನೋರು ಈಗ ರೂಮ್ ಖಾಲಿ ಮಾಡ್ತಾರ.’ ಹೊಸಪೇಟೆಯ ಒಬ್ಬ ಪುಣ್ಯಾತ್ಮರು ಹಣದ ಬದಲು ಎರಡು ಡಬ್ಬಿ ಜಿರಳೆ ಪುಡಿ ಕೊಟ್ಟು ಕಳಿಸಿದರು. ಗಿರಿಜಕ್ಕ ಅದಕ್ಕೂ ರಸೀದಿ ಬರೆಸಿದರು.

ಆಗ ನನ್ನ ತಲೆಗೊಂದು ಉಪಾಯ ಹೊಳೆಯಿತು. ನಮ್ಮ ಕಡೆ ದಾನಿಗಳ ಹೆಸರು ಎಲ್ಲಿರುತ್ತದೆ ನೋಡಿದ್ದೀರಲ್ಲ? ಗುಡಿಯ ಟ್ಯೂಬ್‌ಲೈಟಿನ ಮೇಲೆ ಇಡೀ ವಂಶದ ಹೆಸರು ಬರೆಸಿ ಬೆಳಕು ಹೊರಗೆ ಬರದಂತೆ ಮಾಡಿರುತ್ತಾರೆ. ಫ್ಯಾನಿನ ಮೂರು ರೆಕ್ಕೆಗೂ ಮೂರು ಮಕ್ಕಳ ಹೆಸರು. ನಮ್ಮ ಹತ್ತಿರ ಲೈಟಿಲ್ಲ, ಫ್ಯಾನಿಲ್ಲ, ಹುಳವಿದೆ. ಒಬ್ಬೊಬ್ಬ ದಾನಿಯ ಹೆಸರಿಗೆ ಒಂದೊಂದು ಹುಳ ಎಂದೆ. ಗಿರಿಜಕ್ಕ ಒಪ್ಪಿದರು, ಆದರೆ ಒಂದು ಕಟ್ಟಳೆ ಹಾಕಿದರು. ಯಾರಿಗೆ ಯಾವ ಹುಳ ಎಂದು ಆರಿಸುವವರು ಮಕ್ಕಳು. ಚೀಟಿಯ ಮುಂದೆ ಹುಳದ ಹೆಸರು, ಹಿಂದೆ ಅದನ್ನು ಆರಿಸಿದ ಕಾರಣ. ದೊಡ್ಡವರು ಬಾಯಿ ಹಾಕುವಂತಿಲ್ಲ.

ಸಂಡೂರಿನ ಲಾರಿ ಸಾವುಕಾರರು ಈ ಹುಚ್ಚಿಗೆ ಮನಸೋತು, ‘ಬರ್ತೀನಿ, ನನ್ನ ಹುಳ ತೋರಿಸ್ರಿ, ಆಮ್ಯಾಲ ನೋಡೂಣು’ ಎಂದರು. ಬಂಡ್ರಿಯಲ್ಲಿ ಅವರದೊಂದು ಟೈರಿನ ಗೋದಾಮು ಖಾಲಿಯಿತ್ತು. ಅದು ಸಿಕ್ಕರೆ ಗಿರಿಜಕ್ಕನ ಮಾತು ಉಳಿಯುತ್ತಿತ್ತು. ಅವರು ಬರುವ ಹಿಂದಿನ ದಿನ ಹುಲಿಗೆಮ್ಮ ಚೀಟಿ ತಂದು ನನ್ನ ಕೈಗಿಟ್ಟಳು. ಸಗಣಿಹುಳ.

ನನ್ನ ಜೀವವೇ ಹೋಯಿತು. ಇಷ್ಟುದ್ದ ಮೀಸೆಯ ಮನುಷ್ಯನಿಗೆ ಮಾಲೆ ಹಾಕಿ ಸಗಣಿಹುಳ ಕೊಡುವುದೇ? ಮಕ್ಕಳು ಮನೆಗೆ ಹೋದ ಮೇಲೆ ಚೀಟಿಯನ್ನು ಕಿಸೆಗೆ ಹಾಕಿಕೊಂಡು, ದಪ್ಪ ಕಾಗದದ ಮೇಲೆ ನನ್ನ ದುಂಡಕ್ಷರದಲ್ಲಿ ‘ಚಿಟ್ಟೆ’ ಎಂದು ಬರೆದೆ. ಹಿಂದೆ ‘ಅಂದಕ್ಕಾಗಿ’ ಎಂದೂ ಸೇರಿಸಿದೆ. ಮೂವತ್ತು ವರ್ಷ ಸಾಹೇಬರ ಮನಸ್ಸು ನೋಡಿ ಟಿಪ್ಪಣಿ ಬರೆದ ಕೈ, ಎಲ್ಲಿ ಸುಮ್ಮನಿದ್ದೀತು?

ಮರುದಿನ ಸಾವುಕಾರರು ಕಾಗದ ಓದಿದರು. ಮತ್ತೊಮ್ಮೆ ಓದಿದರು. ಮೀಸೆ ಸ್ವಲ್ಪ ಕೆಳಗಿಳಿಯಿತು.

‘ಚಿಟ್ಟಿ? ನಾನು? ಕ್ಲೀನರ್ ಆಗಿ ಜೀವನ ಶುರು ಮಾಡಿದವ ನಾನು. ನಮ್ಮ ಡ್ರೈವರ್‌ಗೋಳು ಕೇಳಿದ್ರ ನಾಳೆ ಲಾರಿ ಮುಂದ ಹೂ ಇಟ್ಟು ಕರೀತಾರ. ಯಾರ್ರೀ ಬರದೋರು ಇದನ್ನ?’

ಗಿರಿಜಕ್ಕ ಮಕ್ಕಳ ಕಡೆ ನೋಡಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಪಡಸಾಲೆಯ ಕಂಬದ ಪಕ್ಕದಲ್ಲಿದ್ದೆ, ಉಸಿರು ಬಿಟ್ಟರೂ ಕೇಳಿಸೀತೆಂದು ಹೆದರಿ ನಿಂತಿದ್ದೆ. ಆಗ ಹುಲಿಗೆಮ್ಮ ಎದ್ದಳು.

‘ನಂದ ತಪ್ಪು ರೀ. ಚೀಟಿ ಅದಲುಬದಲಾತು. ನಿಮ್ಮದು ಸಗಣಿಹುಳ.’

ಅವಳು ಮಣ್ಣು ತುಂಬಿದ ತಟ್ಟೆಯೊಂದನ್ನು ತಂದು ಸಾವುಕಾರರ ಮುಂದೆ ಇಟ್ಟಳು. ಅದರಲ್ಲಿ ಒಂದು ಕರಿ ಹುಳ ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಿಂದ ಒತ್ತುತ್ತ, ಹಿಂದುಮುಂದಾಗಿ ದಿಬ್ಬ ಹತ್ತುತ್ತಿತ್ತು. ಉರುಳಿ ಬಿತ್ತು. ಮತ್ತೆ ಹತ್ತಿತು. ‘ಭಾರ ಎಳಿಯೋದ್ರಾಗ ಇದನ್ನ ಮೀರ್ಸಿದ್ದು ಇಲ್ಲ ರೀ. ಯಾರಿಗೂ ಬ್ಯಾಡಾದದ್ದನ್ನ ಹೊತ್ಕೊಂಡ್ ಹೋಗಿ ನೆಲಾ ಚಲೋ ಮಾಡತೈತಿ.’ ಸಾವುಕಾರರು ಬಿಳಿ ಪಂಚೆ ಮೇಲಕ್ಕೆತ್ತಿ ಕುಕ್ಕುರುಗಾಲಲ್ಲಿ ಕೂತರು. ‘ಲೇ, ಎಡಕ್ಕ ಹೊಡಿಲೇ, ಎಡಕ್ಕ’ ಎಂದು ಹುಳಕ್ಕೆ ದಾರಿ ಹೇಳತೊಡಗಿದರು. ಅದು ದಿಬ್ಬ ದಾಟಿದ ಮೇಲೆ ಎದ್ದು ಧೂಳು ಕೊಡವಿಕೊಂಡು, ‘ಗೋದಾಮಿನ ಬೀಗದ ಕೈ ನಾಳೆ ಕಳಿಸ್ತೀನಿ. ಆದ್ರ ಗೋಡಿ ಮ್ಯಾಲ ಇದನ್ನ ದೊಡ್ಡದಾಗಿ ಬರಸ್ರಿ, ನನ್ನ ಹೆಸ್ರು ಸಣ್ಣದಿದ್ರೂ ನಡಿತೈತಿ’ ಎಂದರು.

ಸುದ್ದಿ ಹಬ್ಬಿದ್ದೇ ತಡ, ಕಂಪ್ಲಿಯ ಗಿರಣಿಯವರು ತಾವಾಗಿ ಬಂದು ತಮಗೂ ಒಂದು ಹುಳ ಬೇಕೆಂದರು. ಮಕ್ಕಳು ನಿಷ್ಠುರರು, ಅಕ್ಕಿಹುಳ ಕೊಟ್ಟರು. ಸಣ್ಣದಾಯಿತೆಂದು ಅವರು ಚೌಕಾಸಿ ಮಾಡಿದರೂ ಬೆಂಚುಗಳನ್ನು ಮಾಡಿಸಿಕೊಟ್ಟರು. ಮೊದಲ ಮಳೆಗೆ ಎರಡು ದಿನ ಮುಂಚೆ ಬಂಡ್ರಿಯ ಹುಳದ ಮನೆ ತೆರೆಯಿತು. ಆ ದಿನ ಹುಲಿಗೆಮ್ಮ ನನ್ನ ಕೈಗೊಂದು ಕಡ್ಡಿಪೆಟ್ಟಿಗೆ ಕೊಟ್ಟು ಓಡಿಹೋದಳು. ಎಲ್ಲ ಚೀಟಿಗಳ ಹಿಂದೆಯೂ ಕಾರಣ ಇರುತ್ತದೆಂದು ಗೊತ್ತಿದ್ದೂ ನನ್ನದನ್ನು ಮಾತ್ರ ನಾನು ತಿರುಗಿಸಲಿಲ್ಲ. ಕಾರಣ ನನ್ನ ಮೈಮೇಲೇ ಇದೆಯಲ್ಲ ಎಂದುಕೊಂಡಿದ್ದೆ.

ಇವತ್ತು ಓದಿದ್ದು ಇಷ್ಟು: ‘ಭಯ ಆದ್ರ ಅಲುಗಾಡಂಗಿಲ್ಲ. ಕಂಬದ ಬಾಜೂಕ ನಿಂತ್ರ ಯಾರಿಗೂ ಕಾಣಂಗಿಲ್ಲ.’

ದೀಪವನ್ನು ಹೆಂಡತಿಯೇ ಹಚ್ಚಿದಳು. ನಾನು ಚೀಟಿಯನ್ನು ಕಿಸೆಗೆ ಹಾಕಿಕೊಂಡು, ತಿಂಡಿ ತಿನ್ನದೆ ಬಸ್ಸು ಹತ್ತಿದೆ. ಭಾನುವಾರ, ಬಂಡ್ರಿಯ ಗೋದಾಮಿನಲ್ಲಿ ಪಾಠ ನಡೆದಿತ್ತು. ಗೋಡೆಯ ಮೇಲೆ ಎತ್ತಿನಷ್ಟು ದೊಡ್ಡ ಸಗಣಿಹುಳ. ಅದರ ಕೆಳಗೆ ನಿಂತು ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಿದ್ದವಳು ಈಗ ಹೈಸ್ಕೂಲು ಹುಡುಗಿ, ಹುಲಿಗೆಮ್ಮ. ಗಿರಿಜಕ್ಕ ಹಿಂದಿನ ಬೆಂಚಿನಲ್ಲಿ ಕೂತು ಕಡಲೆ ತಿನ್ನುತ್ತಿದ್ದರು. ಎಲ್ಲರೆದುರು ನಿಂತು, ಅವತ್ತು ಚಿಟ್ಟೆ ಎಂದು ಬರೆದವನು ನಾನು, ತಪ್ಪು ಈ ಹುಡುಗಿಯದಲ್ಲ ಎಂದೆ. ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ.

‘ಗೊತ್ತೈತಿ ತಾತ’ ಎಂದಳು ಹುಲಿಗೆಮ್ಮ. ‘ಅಷ್ಟು ದುಂಡಕ್ಷರ ನಮ್ಮಾಗ ಯಾರಿಗೈತಿ?’

‘ಬರ್ರಿ ಅಣ್ಣಾರ, ಕುಂದ್ರಿ’ ಎಂದು ಗಿರಿಜಕ್ಕ ಕಡಲೆ ನೀಡಿದರು. ‘ಮೂರು ವರ್ಷ ಹಿಡೀತೇನು ಒಂದು ಚೀಟಿ ಓದಾಕ?’

ಅಂದರೆ ಇವರಿಗೂ ಗೊತ್ತಿತ್ತು. ನಾಚಿಕೆಯನ್ನು ಕಡಲೆಯೊಂದಿಗೆ ನುಂಗಿ, ‘ಈಗ ಅಲುಗಾಡಿದೆನಲ್ಲವ್ವ, ಇನ್ನಾದರೂ ನನ್ನ ಹುಳ ಬದಲಿಸ್ತೀಯಾ?’ ಎಂದು ಕೇಳಿದೆ.

ಹುಲಿಗೆಮ್ಮ ಚೀಟಿ ಇಸಿದುಕೊಂಡು, ಸಾವುಕಾರರ ಹುಳದ ಪಕ್ಕದಲ್ಲಿ, ಹಿಂಬದಿ ಮುಂದಾಗಿ ಕಾಣುವಂತೆ ಗೋಡೆಗೆ ಅಂಟಿಸಿದಳು.

‘ಬದಲಿ ಮಾಡೋ ರೂಢಿ ನಿಮ್ದು ತಾತ’ ಎಂದಳು. ‘ನಮ್ದಲ್ಲ.’